ಮನೆ ಸಂಗ್ರಹ ಸರ್ವರ್‌ನಲ್ಲಿ ಕಂಟೇನರ್ ಸೇವೆಗಳು

ಫೋಟೊ, ಕಡತಗಳನ್ನು ಮನೆಯ ಡಿಸ್ಕ್‌ಗಳಲ್ಲೇ ಇಟ್ಟು, ಅವನ್ನು ತೋರಿಸುವ ತಂತ್ರಾಂಶಗಳನ್ನು ಪ್ರತ್ಯೇಕ ಆವರಣಗಳಂಥ ಬೇರೆಬೇರೆ ಕಂಟೇನರ್‌ಗಳಲ್ಲಿ ನಡೆಸುವ ವ್ಯವಸ್ಥೆ. 2013ರಲ್ಲಿ ಬಂದ ಡಾಕರ್ ಎಂಬ ತಂತ್ರಾಂಶ ಇದನ್ನು ಸುಲಭವಾಗಿಸಿತು. ಕಂಟೇನರ್ ಅಳಿದರೆ ನಷ್ಟವಿಲ್ಲ. ಸೇವೆಯ ಸಂರಚನೆ ಬರೆದಿಟ್ಟ ಕಂಪೋಸ್ ಕಡತವೊಂದಿದ್ದರೆ ಹೊಸ ಯಂತ್ರದಲ್ಲೂ ಅದನ್ನು ಮತ್ತೆ ಎಬ್ಬಿಸಬಹುದು. ಅಳಿಯಬಾರದ್ದು ದತ್ತಾಂಶ. ಆದ್ದರಿಂದ ಇಮ್ಮಿಚ್‌ನಂಥ ಫೋಟೊ ಸೇವೆಯಲ್ಲಿ ಚಿತ್ರಗಳ ಫೋಲ್ಡರ್, ಡೇಟಾಬೇಸ್ ಎರಡನ್ನೂ ಕಂಟೇನರ್‌ನ ಹೊರಗೆ ಡಿಸ್ಕ್‌ನಲ್ಲೇ ಇಡಬೇಕು. ಹಲವು ಡಿಸ್ಕ್‌ಗಳನ್ನು ಜೋಡಿಸಿದ ರೇಡ್ ಇದ್ದರೆ ಸಾಕೆಂಬ ವಾದ ನಿಲ್ಲದು: ಕೈತಪ್ಪಿ ಅಳಿಸಿದ್ದು ಎಲ್ಲ ಡಿಸ್ಕ್‌ಗಳಿಂದಲೂ ಒಟ್ಟಿಗೇ ಹೋಗುತ್ತದೆ. ಬೇರೆ ಜಾಗದಲ್ಲೊಂದು ಪ್ರತಿ ಏಕೆ ಬೇಕೆಂಬುದಕ್ಕೆ ಹಳೆಯ ಉದಾಹರಣೆಯಿದೆ: ಕೊಪ್ಪಳದಲ್ಲಿ ಅಶೋಕನ ಶಾಸನ ಎರಡು ಕಡೆ ಇದೆ. ಪಾಲ್ಕಿಗುಂಡಿನಲ್ಲಿ ಸವೆದುಹೋದ ಪಾಠ ಗವಿಮಠದಲ್ಲಿ ಉಳಿದಿದೆ. ಹಾಗೆಯೇ ದತ್ತಾಂಶದ ಇನ್ನೊಂದು ಪ್ರತಿ ಬೇರೆ ಊರಿನಲ್ಲಿ, ಕೊಪ್ಪಳದವರಾದರೆ ಗಂಗಾವತಿ, ಕುಷ್ಟಗಿ ಅಥವಾ ಯಲಬುರ್ಗಾದ ನೆಂಟರ ಮನೆಯಲ್ಲಿರಲಿ. ಬಾಡಿಗೆ ಕ್ಲೌಡ್ ಸುಲಭವಲ್ಲವೇ ಎಂದರೆ, ಸುಲಭವೇ. ಆದರೆ ಇಂಟರ್ನೆಟ್ ಹೋದಾಗಲೂ ಮನೆಯ ವೈಫೈಯಲ್ಲಿ ಆಲ್ಬಮ್ ತೆರೆಯುವುದು ಮನೆಯ ಸರ್ವರ್‌ನಿಂದ. ಕರೆಂಟ್ ಹಠಾತ್ತನೆ ಹೋದರೆ ಡೇಟಾಬೇಸ್ ಕೆಡಬಹುದು, ಯುಪಿಎಸ್ ಇರಲೇಬೇಕು.