ಬೆಂಗಳೂರು ಎಫ್‌ಸಿಯ ವಿದೇಶಿ ಡಿಫೆಂಡರ್‌ಗಳು

2013ರ ಜುಲೈ 20ರಂದು ಹುಟ್ಟಿದ ಬೆಂಗಳೂರು ಫುಟ್‌ಬಾಲ್ ಕ್ಲಬ್ (ಬಿಎಫ್‌ಸಿ) ತನ್ನ ಮೊದಲ ಹತ್ತು ಋತುಗಳಲ್ಲಿ ಏಳು ದೊಡ್ಡ ಪ್ರಶಸ್ತಿಗಳನ್ನು ಗೆದ್ದಿತು: ಎರಡು ಐ-ಲೀಗ್, ಎರಡು ಫೆಡರೇಷನ್ ಕಪ್, ಒಂದೊಂದು ಸೂಪರ್ ಕಪ್, ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಮತ್ತು ಡುರಾಂಡ್ ಕಪ್. ಈ ಅವಧಿಯಲ್ಲಿ ತಂಡದ ರಕ್ಷಣಾ ಸಾಲಿನಲ್ಲಿ ಇಂಗ್ಲೆಂಡ್, ಕೆನ್ಯಾ, ಸ್ಪೇನ್, ಗೆಬಾನ್, ಬ್ರೆಜಿಲ್ ಮತ್ತು ಆಸ್ಟ್ರೇಲಿಯಾದ ಆಟಗಾರರು ನಿಂತಿದ್ದರು. ಅವರ ಕೆಲಸ ದಾಖಲೆಗಳಲ್ಲಿ ತೀರಾ ತೆಳುವಾಗಿ ಉಳಿದಿದೆ. ಗೋಲು ಹೊಡೆದವರಿಗೆ ಅಂಕಿಪಟ್ಟಿಯಲ್ಲಿ ಒಂದು ಕಾಲಂ ಇದೆ, ಗೋಲು ಬಿಡದ ಪಂದ್ಯಗಳ ಲೆಕ್ಕ ಗೋಲ್‌ಕೀಪರ್‌ನ ಹೆಸರಿಗೆ ಹೋಗುತ್ತದೆ. ನಡುವೆ ನಿಂತು ಚೆಂಡನ್ನು ತಡೆದವನಿಗೆ ಕಾಲಂ ಇಲ್ಲ. ಹೀಗಾಗಿ ಡಿಫೆಂಡರ್‌ಗಳ ಬಗ್ಗೆ ಗಟ್ಟಿಯಾಗಿ ಉಳಿದಿರುವುದು ಅವರು ಎದುರಾಳಿಯ ಗೋಲುಪೆಟ್ಟಿಗೆಯ ಮುಂದೆ ಕಾಣಿಸಿಕೊಂಡ ಕೆಲವೇ ಕ್ಷಣಗಳು. ಕ್ಲಬ್‌ನ ಇತಿಹಾಸದ ಹಲವು ತಿರುವುಗಳು ಆ ಕ್ಷಣಗಳಲ್ಲೇ ಇವೆ.

ಹಿನ್ನೆಲೆ

ಸಂತೋಷ್ ಟ್ರೋಫಿಯನ್ನು 1946-47, 1952-53, 1967-68 ಮತ್ತು 1968-69ರಲ್ಲಿ ಗೆದ್ದ ಮೈಸೂರು ತಂಡದ ಕಾಲ ಚೆನ್ನಾಗಿ ದಾಖಲಾಗಿದೆ. ಇಲ್ಲಿ ಅದನ್ನು ವಿಸ್ತರಿಸುವ ಅಗತ್ಯವಿಲ್ಲ. ಆ ನಂತರದ ದಶಕಗಳಲ್ಲಿ ನಗರದ ಫುಟ್‌ಬಾಲನ್ನು ಹೊತ್ತು ನಡೆದದ್ದು ಐಟಿಐ, ಎಚ್‌ಎಎಲ್‌ನಂಥ ಸಾರ್ವಜನಿಕ ಉದ್ಯಮಗಳ ತಂಡಗಳು. ಅಲ್ಲಿ ಆಡುವವರು ಸಂಸ್ಥೆಯ ನೌಕರರೇ. ಗೋವಾ, ಕೋಲ್ಕತ್ತದ ಕ್ಲಬ್‌ಗಳು ಆಫ್ರಿಕಾ ಮತ್ತು ಬ್ರೆಜಿಲ್‌ನಿಂದ ಆಟಗಾರರನ್ನು ಕರೆತರುತ್ತಿದ್ದಾಗ ಎಚ್‌ಎಎಲ್ ಐ-ಲೀಗ್‌ನಲ್ಲಿ ಭಾರತೀಯರನ್ನಷ್ಟೇ ಕಣಕ್ಕಿಳಿಸಿತು. ಬೆಂಗಳೂರಿನ ಪ್ರೇಕ್ಷಕರಿಗೆ ವಿದೇಶಿ ಆಟಗಾರ ಎಂದರೆ ಎದುರಾಳಿ ತಂಡದಲ್ಲಿ ಬರುವವನು ಎಂದೇ ಬಹುಕಾಲ ಅರ್ಥವಿತ್ತು.

ಬ್ರೆಜಿಲ್‌ನೊಂದಿಗೆ ಈ ನಗರದ ನೆನಪು ತಳಕು ಹಾಕಿಕೊಂಡದ್ದು ಒಂದು ಸಾವಿನ ಮೂಲಕ. 2004ರ ಡಿಸೆಂಬರ್ 5ರಂದು ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫೈನಲ್ ನಡೆದಿತ್ತು. ಮೋಹನ್ ಬಾಗಾನ್ ವಿರುದ್ಧ ಗೋವಾದ ಡೆಂಪೊ ಕ್ಲಬ್ 2-0ಯಿಂದ ಗೆದ್ದಿತು. ಎರಡೂ ಗೋಲು ಹೊಡೆದವರು ಬ್ರೆಜಿಲ್‌ನ ಮುಂಚೂಣಿ ಆಟಗಾರ ಕ್ರಿಸ್ಟಿಯಾನೊ ಜೂನಿಯರ್. ಎರಡನೇ ಗೋಲು ಬಾರಿಸುವಾಗ ಗೋಲ್‌ಕೀಪರ್ ಸುಬ್ರತೊ ಪಾಲ್‌ಗೆ ಡಿಕ್ಕಿಯಾಗಿ ಅವರು ಕುಸಿದರು, ಮತ್ತೆ ಏಳಲಿಲ್ಲ. ಆಗ ಅವರಿಗೆ 25 ವರ್ಷ. ಕೆಲವು ಬರಹಗಳು ಇದನ್ನು ಡಿಕ್ಕಿಯಿಂದಾದ ಸಾವು ಎಂದರೆ ಇನ್ನು ಕೆಲವು ಹೃದಯಸ್ತಂಭನ ಎನ್ನುತ್ತವೆ. ಒಂದು ಘಟನೆಯ ಎರಡು ತುದಿಗಳನ್ನು ಬೇರೆ ಬೇರೆಯಾಗಿ ಹಿಡಿದಿದ್ದರಿಂದ ಹುಟ್ಟಿದ ಗೊಂದಲ ಇದು. ಮೈದಾನದಲ್ಲಿ ತುರ್ತು ಚಿಕಿತ್ಸೆಯ ವ್ಯವಸ್ಥೆ ಸಾಲದಾಗಿತ್ತು ಎಂಬ ಆಕ್ಷೇಪ ಅಂದೇ ಎದ್ದಿತು, ಭಾರತದ ಫುಟ್‌ಬಾಲ್ ಚರ್ಚೆಯಲ್ಲಿ ಇಂದಿಗೂ ಆಗಾಗ ಕೇಳಿಬರುತ್ತದೆ. ಡೆಂಪೊ ಅವರ 10ನೇ ಸಂಖ್ಯೆಯ ಅಂಗಿಯನ್ನು ಮತ್ತೊಬ್ಬರಿಗೆ ಕೊಡದೆ ಗೌರವಿಸಿತು. ಅವರು ಡಿಫೆಂಡರ್ ಅಲ್ಲ, ಬೆಂಗಳೂರಿನ ತಂಡದವರೂ ಅಲ್ಲ. ಆದರೂ ಅವರನ್ನು ನೆನೆಯದೆ ಕಂಠೀರವದ ಹುಲ್ಲಿನ ಮೇಲೆ ಓಡಿದ ಬ್ರೆಜಿಲಿಗರ ಕಥೆ ಹೇಳುವುದು ಸರಿಯಲ್ಲ.

ಇಂಗ್ಲೆಂಡಿನ ಕೆಳಗಿನ ಮೆಟ್ಟಿಲುಗಳಿಂದ

ಬಿಎಫ್‌ಸಿಯ ಮೊದಲ ಕೋಚ್ ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್. 2013-14ರ ಐ-ಲೀಗ್‌ನಲ್ಲಿ ತಂಡವೊಂದು ಇಟ್ಟುಕೊಳ್ಳಬಹುದಾಗಿದ್ದದ್ದು ನಾಲ್ವರು ವಿದೇಶಿಯರನ್ನು, ಅವರಲ್ಲಿ ಒಬ್ಬರು ಏಷ್ಯಾದವರು. ಸಾಮಾನ್ಯವಾಗಿ ಈ ಸ್ಥಾನಗಳು ಗೋಲು ಹೊಡೆಯುವವರ ಪಾಲಾಗುತ್ತವೆ. ವೆಸ್ಟ್‌ವುಡ್ ಅರ್ಧವನ್ನು, ಅಂದರೆ ಎರಡು ಸ್ಥಾನಗಳನ್ನು, ರಕ್ಷಣೆಗೆ ಮೀಸಲಿಟ್ಟರು. ಒಬ್ಬರು ಮಿಡಲ್ಸ್‌ಬರೊ ನಗರದಲ್ಲಿ ಹುಟ್ಟಿ ನಾರ್ತಾಂಪ್ಟನ್ ಟೌನ್‌ಗೆ ಆಡಿದ್ದ ಜಾನ್ ಜಾನ್ಸನ್. ಇನ್ನೊಬ್ಬರು ನೈರೋಬಿಯಲ್ಲಿ ಹುಟ್ಟಿ, ಇಂಗ್ಲೆಂಡಿನ ರೆಡಿಂಗ್ ಕ್ಲಬ್‌ನಲ್ಲಿ ಆಟ ಕಲಿತು, ಲೂಟನ್ ಟೌನ್‌ಗೆ ಆಡಿದ್ದ ಕರ್ಟಿಸ್ ಒಸಾನೊ. ಇಬ್ಬರೂ ಯುರೋಪಿನ ದೊಡ್ಡ ವೇದಿಕೆ ಕಂಡವರಲ್ಲ. ಇಂಗ್ಲೆಂಡಿನ ಕೆಳ ಹಂತದ ಲೀಗ್‌ಗಳಲ್ಲಿ ಕೆಸರಿನ ಮೈದಾನದಲ್ಲಿ ಬೆಳೆದವರು. ಹೊಸ ಕ್ಲಬ್‌ಗೆ ಬೇಕಿದ್ದದ್ದೂ ಅಂಥವರೇ.

2013ರ ಸೆಪ್ಟೆಂಬರ್ 22ರಂದು ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮೋಹನ್ ಬಾಗಾನ್ ಜೊತೆ 1-1 ಡ್ರಾದೊಂದಿಗೆ ಆರಂಭವಾದ ಓಟ, 2014ರ ಏಪ್ರಿಲ್ 21ರಂದು ಮಡಗಾಂವ್‌ನ ಫತೋರ್ಡದಲ್ಲಿ ಡೆಂಪೊ ವಿರುದ್ಧ 4-2 ಗೆಲುವಿನೊಂದಿಗೆ ಪ್ರಶಸ್ತಿ ಮುಟ್ಟಿತು. 24 ಪಂದ್ಯ, 47 ಅಂಕ. ಮೊದಲ ಋತುವಿನಲ್ಲೇ ಐ-ಲೀಗ್ ಕಿರೀಟ.

ಈ ಗೆಲುವಿಗಿಂತ ಹೆಚ್ಚು ಗಮನ ಬೇಡುವುದು ಮರುವರ್ಷದ ಸೋಲು. 2015ರ ಮೇ 31, ಕಂಠೀರವ, ಐ-ಲೀಗ್‌ನ ಕೊನೆಯ ಪಂದ್ಯ, ಎದುರಿಗೆ ಮತ್ತೆ ಮೋಹನ್ ಬಾಗಾನ್. ಬಾಗಾನ್‌ಗೆ ಡ್ರಾ ಸಾಕು, ಬೆಂಗಳೂರಿಗೆ ಗೆಲುವೇ ಬೇಕು. 41ನೇ ನಿಮಿಷದಲ್ಲಿ ಕಾರ್ನರ್ ಕಿಕ್‌ಗೆ ತಲೆಯೊಡ್ಡಿ ಜಾನ್ಸನ್ ಗೋಲು ಹೊಡೆದರು. ಅಲ್ಲಿಂದ 46 ನಿಮಿಷ ಪ್ರಶಸ್ತಿ ಬೆಂಗಳೂರಿನ ಕೈಯಲ್ಲೇ ಇತ್ತು. 87ನೇ ನಿಮಿಷದಲ್ಲಿ ಬಾಗಾನ್‌ಗೆ ಒಂದು ಕಾರ್ನರ್ ಸಿಕ್ಕಿತು. ಅವರ ನೈಜೀರಿಯಾದ ಡಿಫೆಂಡರ್ ಬೆಲೊ ರಜಾಕ್ ಎಲ್ಲರಿಗಿಂತ ಮೇಲೆ ಹಾರಿದರು. 1-1. ಬಾಗಾನ್ 39 ಅಂಕ, ಬೆಂಗಳೂರು 37. ಕೋಲ್ಕತ್ತದ ಕ್ಲಬ್ 13 ವರ್ಷಗಳ ನಂತರ ರಾಷ್ಟ್ರೀಯ ಲೀಗ್ ಗೆದ್ದ ಸಂಭ್ರಮವೇ ಆ ಪಂದ್ಯದ ಬಹುಪಾಲು ವರದಿಗಳನ್ನು ತುಂಬಿದೆ. ಇಡೀ ಋತುವಿನ ತೀರ್ಮಾನ ಇಬ್ಬರು ವಿದೇಶಿ ಡಿಫೆಂಡರ್‌ಗಳ ಎರಡು ಹೆಡರ್‌ಗಳಲ್ಲಿ ನಡೆದುಹೋಯಿತು ಎಂಬ ಸಂಗತಿ ಮರೆಯಾಗಿದೆ. ಬಿಎಫ್‌ಸಿಯ ಚರಿತ್ರೆ ಬರೆಯುವವರು ಆ ಸಂಜೆಗೆ ಇನ್ನಷ್ಟು ಜಾಗ ಕೊಡಬೇಕು.

ಜಾನ್ಸನ್ ಐದು ಋತು ಬೆಂಗಳೂರಿನಲ್ಲಿದ್ದು 2018ರಲ್ಲಿ ಕೋಲ್ಕತ್ತದ ಎಟಿಕೆಗೆ ಹೋದರು. ವಿದೇಶಿ ಆಟಗಾರರು ಒಂದೇ ಋತುವಿಗೆ ಬಂದುಹೋಗುವ ದೇಶದಲ್ಲಿ ಇದು ದೊಡ್ಡ ಅವಧಿ.

ದೊಡ್ಡ ಹೆಸರುಗಳು ಹೋದ ದಾರಿ

ಇದೇ ಕಾಲದಲ್ಲಿ ಯುರೋಪಿನಲ್ಲಿ ಹೆಸರು ಮಾಡಿದ ಬ್ರೆಜಿಲ್ ಡಿಫೆಂಡರ್‌ಗಳು ಭಾರತಕ್ಕೆ ಬಂದರು, ಬೆಂಗಳೂರಿಗೆ ಬರಲಿಲ್ಲ. 2014ರಲ್ಲಿ ಶುರುವಾದ ಐಎಸ್‌ಎಲ್‌ನಲ್ಲಿ ಆಗ ಬೆಂಗಳೂರಿಗೆ ತಂಡವಿರಲಿಲ್ಲ. ರಿಯಲ್ ಮ್ಯಾಡ್ರಿಡ್‌ಗೆ 1996ರಿಂದ 2007ರವರೆಗೆ ಆಡಿದ ರಾಬರ್ಟೊ ಕಾರ್ಲೊಸ್ 2015ರಲ್ಲಿ ಡೆಲ್ಲಿ ಡೈನಮೋಸ್‌ಗೆ ಆಟಗಾರ ಮತ್ತು ಕೋಚ್ ಎರಡೂ ಆದರು. ಅದೇ ವರ್ಷ ಲೂಸಿಯೊ ಎಫ್‌ಸಿ ಗೋವಾ ಸೇರಿದರು.

ಲೂಸಿಯೊ ಅವರ ದಾರಿ ಒಬ್ಬ ಯಶಸ್ವಿ ಬ್ರೆಜಿಲ್ ಡಿಫೆಂಡರ್‌ನ ಬದುಕು ಹೇಗೆ ಸಾಗುತ್ತದೆ ಎಂಬುದಕ್ಕೆ ಒಳ್ಳೆಯ ಮಾದರಿ. ಪೋರ್ಟೊ ಅಲೆಗ್ರೆಯ ಇಂಟರ್‌ನ್ಯಾಸಿಯೊನಾಲ್‌ನಿಂದ ಜರ್ಮನಿಯ ಬಾಯರ್ ಲೆವರ್‌ಕುಸೆನ್; 2002ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ ಗೋಲು, ಆದರೂ 1-2 ಸೋಲು. ಅದೇ ಬೇಸಿಗೆಯಲ್ಲಿ ವಿಶ್ವಕಪ್ ಗೆಲುವು. 2004ರಿಂದ ಬಾಯರ್ನ್ ಮ್ಯೂನಿಕ್‌ನಲ್ಲಿ ಮೂರು ಲೀಗ್ ಪ್ರಶಸ್ತಿ. 2010ರಲ್ಲಿ ಇಂಟರ್ ಮಿಲಾನ್ ಪರ ಚಾಂಪಿಯನ್ಸ್ ಲೀಗ್ ಗೆದ್ದಾಗ ಎದುರಾಳಿ ಅವರ ಹಳೆಯ ಬಾಯರ್ನ್ ತಂಡವೇ. ಗೋವಾಕ್ಕೆ ಬಂದಾಗ ಅವರಿಗೆ 37, ಕೋಚ್ ಆಗಿದ್ದವರು ಝೀಕೊ. 2015ರ ಡಿಸೆಂಬರ್ 20ರ ಫೈನಲ್‌ನಲ್ಲಿ ಕೊನೆಯ ಕ್ಷಣಗಳಲ್ಲಿ ಎರಡು ಗೋಲು ಬಿಟ್ಟುಕೊಟ್ಟು ಗೋವಾ ಚೆನ್ನೈಯಿನ್‌ಗೆ 2-3ರಿಂದ ಸೋತಿತು. ಇಷ್ಟೆಲ್ಲ ನಡೆಯುವಾಗ ಬೆಂಗಳೂರು ಐ-ಲೀಗ್‌ನಲ್ಲಿ ಜಾನ್ಸನ್, ಒಸಾನೊ ಅವರಂಥ ಹೆಸರಿಲ್ಲದವರನ್ನು ನೆಚ್ಚಿಕೊಂಡು 2015-16ರಲ್ಲಿ ಮತ್ತೊಮ್ಮೆ ಚಾಂಪಿಯನ್ ಆಯಿತು.

ಸ್ಪೇನ್ ಕಾಲ

2016ರಲ್ಲಿ ಆಲ್ಬರ್ಟ್ ರೋಕಾ ಕೋಚ್ ಆದರು. ಡಿಫೆಂಡರ್‌ನ ಪಾಸ್‌ಪೋರ್ಟ್ ಕೋಚ್‌ನ ತಾಯ್ನುಡಿಯನ್ನು ಹಿಂಬಾಲಿಸುತ್ತದೆ ಎಂಬುದು ಈ ಕ್ಲಬ್‌ನ ಮಟ್ಟಿಗೆ ಬಹುಪಾಲು ನಿಜ. ರೋಕಾ ಜೊತೆಗೆ ಬಂದವರು ರಿಯಲ್ ಮ್ಯಾಡ್ರಿಡ್‌ನ ಮೀಸಲು ತಂಡದಲ್ಲಿ ಬೆಳೆದು ಜರ್ಮನಿಯ ಫಾರ್ಚುನಾ ಡ್ಯೂಸೆಲ್‌ಡಾರ್ಫ್‌ಗೆ ಆಡಿದ್ದ ಹುವಾನನ್. ಅವರ ಪೂರ್ಣ ಹೆಸರು ಹುವಾನ್ ಆಂಟೋನಿಯೊ ಗೊನ್ಸಾಲೆಸ್. ಕನ್ನಡ ಪತ್ರಿಕೆಗಳಲ್ಲಿ ಜುವಾನನ್, ಹುವಾನನ್ ಎರಡೂ ಕಾಣುತ್ತವೆ; ವ್ಯಕ್ತಿ ಒಬ್ಬರೇ.

2016ರ ಅಕ್ಟೋಬರ್ 19ರಂದು ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೇ ಪಂದ್ಯದಲ್ಲಿ ಹಾಲಿ ಚಾಂಪಿಯನ್, ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ ತಂಡವನ್ನು ಕಂಠೀರವದಲ್ಲಿ 3-1ರಿಂದ ಮಣಿಸಿ, ಭಾರತದ ಮೊದಲ ತಂಡವಾಗಿ ಬೆಂಗಳೂರು ಫೈನಲ್ ತಲುಪಿತು. ತಂಡದ ನಾಯಕ ಸುನಿಲ್ ಚೆಟ್ರಿಯ ಎರಡು ಗೋಲುಗಳು ಎಲ್ಲರ ನೆನಪಿನಲ್ಲಿವೆ. ಮೂರನೆಯದು ಹುವಾನನ್ ಅವರದು. ನವೆಂಬರ್ 5ರಂದು ದೋಹಾದಲ್ಲಿ ಇರಾಕ್‌ನ ಏರ್ ಫೋರ್ಸ್ ಕ್ಲಬ್ 1-0ಯಿಂದ ಗೆದ್ದಿತು.

2017ರಲ್ಲಿ ಕ್ಲಬ್ ಐಎಸ್‌ಎಲ್‌ಗೆ ಬಂತು. ಲೀಗ್ ಹಂತದಲ್ಲಿ ಅಗ್ರಸ್ಥಾನ ಪಡೆದ ತಂಡ 2018ರ ಮಾರ್ಚ್ 17ರಂದು ತವರಿನಲ್ಲೇ ಫೈನಲ್ ಆಡಿತು. 9ನೇ ನಿಮಿಷದಲ್ಲಿ ಚೆಟ್ರಿ ಗೋಲು. ನಂತರ ಚೆನ್ನೈಯಿನ್‌ನ ಬ್ರೆಜಿಲ್ ಡಿಫೆಂಡರ್ ಮೈಲ್ಸನ್ ಆಲ್ವೆಸ್ 17ನೇ ಮತ್ತು 45ನೇ ನಿಮಿಷಗಳಲ್ಲಿ ಎರಡು ಕಾರ್ನರ್‌ಗಳಿಗೆ ಎರಡು ಹೆಡರ್ ಹೊಡೆದರು. ಇವೆರಡೂ ಗ್ರೆಗರಿ ನೆಲ್ಸನ್ ಒದ್ದ ಕಾರ್ನರ್‌ಗಳು. ಅಂತಿಮ ಫಲಿತಾಂಶ 3-2. ಋತುವಿಡೀ ಗಟ್ಟಿಯಾಗಿ ನಿಂತ ರಕ್ಷಣೆ ಕಾರ್ನರ್‌ನಲ್ಲಿ ಸಡಿಲವಾಯಿತು. 2015ರ ಗಾಯ ಅದೇ ಜಾಗದಲ್ಲಿ ಮತ್ತೆ ತೆರೆದುಕೊಂಡಂತೆ.

ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಎಫ್‌ಸಿ ಗೋವಾ ವಿರುದ್ಧದ ಫೈನಲ್‌ನ ಹೆಚ್ಚುವರಿ ಅವಧಿಯಲ್ಲಿ ಡಿಮಾಸ್ ಡೆಲ್ಗಾಡೊ ಒದ್ದ ಕಾರ್ನರ್‌ಗೆ ತಲೆಯೊಡ್ಡಿ ರಾಹುಲ್ ಭೇಕೆ ಪ್ರಶಸ್ತಿ ತಂದರು. ಅವರೂ ಡಿಫೆಂಡರ್, ಆದರೆ ಭಾರತೀಯ.

ಅಲನ್ ಕೋಸ್ಟಾ

ಬೆಂಗಳೂರಿಗೆ ತನ್ನದೇ ಬ್ರೆಜಿಲ್ ಡಿಫೆಂಡರ್ ಸಿಕ್ಕಿದ್ದು 2021ರಲ್ಲಿ. ಲೂಸಿಯೊ ಹೊರಟ ಇಂಟರ್‌ನ್ಯಾಸಿಯೊನಾಲ್‌ನಲ್ಲೇ ಆಡಿದ್ದ ಅಲನ್ ಕೋಸ್ಟಾ, ಜರ್ಮನಿಯ ಕೋಚ್ ಮಾರ್ಕೊ ಪೆಜ್ಜಾಯುಲಿ ಅವರ ತಂಡ ಸೇರಿದರು. ತಾಯ್ನುಡಿಯ ನಿಯಮಕ್ಕೆ ಇದು ಅಪವಾದ. ಅದೇ ತಂಡದಲ್ಲಿ ಬ್ರೆಜಿಲ್‌ನ ಬ್ರೂನೊ ರಾಮಿರೆಸ್ ಮತ್ತು ಕ್ಲೇಟನ್ ಸಿಲ್ವಾ ಕೂಡ ಇದ್ದರು, ರಕ್ಷಣೆಯಲ್ಲಿ ಗೆಬಾನ್‌ನ ಇರೊಂಡು ಮುಸಾವು-ಕಿಂಗ್ ಜೊತೆಗಿದ್ದರು. ಆ ವರ್ಷದಿಂದ ಐಎಸ್‌ಎಲ್‌ನಲ್ಲಿ ಮೈದಾನದೊಳಗಿನ ವಿದೇಶಿಯರ ಸಂಖ್ಯೆ ಐದರಿಂದ ನಾಲ್ಕಕ್ಕೆ ಇಳಿದಿತ್ತು. ಒಬ್ಬ ವಿದೇಶಿ ಸೆಂಟರ್‌ಬ್ಯಾಕ್‌ಗೆ ಜಾಗ ಕೊಡುವುದು ಇನ್ನೂ ದುಬಾರಿಯಾಗಿತ್ತು.

ಕೋಸ್ಟಾ ಬಗ್ಗೆ ಸಾಮಾನ್ಯವಾಗಿ ಬಿಟ್ಟುಹೋಗುವ ಸಂಗತಿಯೊಂದಿದೆ. ಕೋವಿಡ್ ಸೋಂಕಿನ ಕಾರಣ 2021-22ರ ಐಎಸ್‌ಎಲ್ ಪೂರ್ತಿಯಾಗಿ ಗೋವಾದಲ್ಲಿ, ಫೈನಲ್ ಹೊರತು ಪ್ರೇಕ್ಷಕರಿಲ್ಲದೆ ನಡೆಯಿತು. ಎಎಫ್‌ಸಿ ಕಪ್ ಪಂದ್ಯಗಳು ಮಾಲ್ಡೀವ್ಸ್‌ನಲ್ಲಿದ್ದವು. ಹಾಗಾಗಿ ಬೆಂಗಳೂರಿನ ಅಂಗಿ ತೊಟ್ಟ ಮೊದಲ ವರ್ಷ ಅವರು ಬೆಂಗಳೂರಿನ ಜನರೆದುರು ಒಂದೂ ಲೀಗ್ ಪಂದ್ಯ ಆಡಲಿಲ್ಲ. ತಂಡ ಆರನೆಯದಾಯಿತು.

ಎರಡನೇ ವರ್ಷ ಇಂಗ್ಲೆಂಡಿನ ಸೈಮನ್ ಗ್ರೇಸನ್ ಕೋಚ್. 2022ರ ಸೆಪ್ಟೆಂಬರ್ 18ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಮುಂಬೈ ಸಿಟಿ ವಿರುದ್ಧ ಡುರಾಂಡ್ ಕಪ್ ಫೈನಲ್. 11ನೇ ನಿಮಿಷದಲ್ಲಿ ಬೆಂಗಳೂರಿನ ಶಿವಶಕ್ತಿ, 30ನೇ ನಿಮಿಷದಲ್ಲಿ ಮುಂಬೈಯ ಅಪುಯಿಯಾ ಗೋಲು ಹೊಡೆದರು. 61ನೇ ನಿಮಿಷದಲ್ಲಿ ಚೆಟ್ರಿ ಒದ್ದ ಕಾರ್ನರ್‌ಗೆ ಕೋಸ್ಟಾ ಕೊಟ್ಟ ಹೆಡರ್ 2-1 ಮಾಡಿತು. ಕ್ಲಬ್‌ಗೆ ಮೊದಲ ಡುರಾಂಡ್. ಮರುದಿನದ ವರದಿಗಳು ಚೆಟ್ರಿಗೆ ಸಿಗದೆ ಉಳಿದಿದ್ದ ಟ್ರೋಫಿ ಕೊನೆಗೂ ಸಿಕ್ಕಿತು ಎಂಬುದರ ಸುತ್ತ ಇದ್ದವು. ಅದು ಸಹಜವೇ, ಆದರೆ ಗೆಲುವಿನ ಗೋಲು ಬ್ರೆಜಿಲಿಗನದು. ಮೂರು ವಾರದ ಬಳಿಕ, ಅಕ್ಟೋಬರ್ 8ರಂದು, ಐಎಸ್‌ಎಲ್ ಕೊನೆಗೂ ಕಂಠೀರವಕ್ಕೆ ಮರಳಿತು. ನಾರ್ತ್‌ಈಸ್ಟ್ ಯುನೈಟೆಡ್ ವಿರುದ್ಧ ಗೋಲಿಲ್ಲದೆ ಸಾಗುತ್ತಿದ್ದ ಪಂದ್ಯವನ್ನು 87ನೇ ನಿಮಿಷದಲ್ಲಿ ಹೆಡರ್ ಮೂಲಕ 1-0 ಮಾಡಿದವರೂ ಕೋಸ್ಟಾ. 2015ರಲ್ಲಿ ಇದೇ ಮೈದಾನದಲ್ಲಿ ಬೆಲೊ ರಜಾಕ್ ಹಾರಿದ್ದೂ 87ನೇ ನಿಮಿಷದಲ್ಲೇ.

ಆ ಋತುವಿನ ಐಎಸ್‌ಎಲ್ ಫೈನಲ್ 2023ರ ಮಾರ್ಚ್ 18ರಂದು ಫತೋರ್ಡದಲ್ಲಿ ಎಟಿಕೆ ಮೋಹನ್ ಬಾಗಾನ್ ಜೊತೆ 2-2 ಆಗಿ, ಪೆನಾಲ್ಟಿಯಲ್ಲಿ 3-4ರಿಂದ ಕೈತಪ್ಪಿತು. ಕೋಸ್ಟಾ ಆ ವರ್ಷವೇ ಕ್ಲಬ್ ಬಿಟ್ಟರು.

ದೇಶ ಯಾವುದು ಎಂಬ ಗೊಂದಲ

ಪಟ್ಟಿಗಳಲ್ಲಿ ಅತಿ ಹೆಚ್ಚು ತಪ್ಪುಗಳಿರುವುದು ರಾಷ್ಟ್ರೀಯತೆಯ ಕಾಲಂನಲ್ಲಿ. 2022ರಲ್ಲಿ ಬಂದ ಅಲೆಕ್ಸಾಂಡರ್ ಯೊವಾನೊವಿಚ್ ಅವರ ಹೆಸರು ನೋಡಿ ಅವರನ್ನು ಸರ್ಬಿಯಾದವರೆಂದು ಭಾವಿಸುವುದುಂಟು. ಅವರು ಆಸ್ಟ್ರೇಲಿಯಾದವರು. ಆಸ್ಟ್ರೇಲಿಯಾ 2006ರಿಂದ ಏಷ್ಯಾ ಒಕ್ಕೂಟದಲ್ಲಿರುವುದರಿಂದ ಆಗಿನ ಐಎಸ್‌ಎಲ್ ಲೆಕ್ಕದಲ್ಲಿ ಅವರು ಏಷ್ಯಾದ ಆಟಗಾರರಾಗಿದ್ದರು. ಒಸಾನೊ ಕೆನ್ಯಾದವರು, ಆದರೆ ಅವರ ಆಟದ ಶಾಲೆ ಇಂಗ್ಲೆಂಡ್. ಯಾರು ಎಲ್ಲಿಯವರು ಎಂಬುದಕ್ಕಿಂತ ಎಲ್ಲಿ ಕಲಿತರು ಎಂಬುದು ಅವರ ಆಟವನ್ನು ಹೆಚ್ಚು ವಿವರಿಸುತ್ತದೆ.

ಕೊನೆಗೆ, ಅಂಕಿಪಟ್ಟಿಯ ಕಾಲಂ ವಿಷಯಕ್ಕೇ ಮರಳಿದರೆ, 2025ರ ಏಪ್ರಿಲ್ 12ರಂದು ಬಿಎಫ್‌ಸಿ ಮತ್ತೊಮ್ಮೆ ಐಎಸ್‌ಎಲ್ ಫೈನಲ್ ಆಡಿತು. ಸಾಲ್ಟ್ ಲೇಕ್‌ನಲ್ಲಿ ಎದುರಾಳಿ ಅದೇ ಮೋಹನ್ ಬಾಗಾನ್. ದ್ವಿತೀಯಾರ್ಧದ ಆರಂಭದಲ್ಲಿ ಬೆಂಗಳೂರಿಗೆ ಮುನ್ನಡೆ ಸಿಕ್ಕಿದ್ದು ಬಾಗಾನ್‌ನ ಸ್ಪೇನ್ ಡಿಫೆಂಡರ್ ಆಲ್ಬರ್ಟೊ ರಾಡ್ರಿಗಸ್ ಅವರ ಸ್ವಂತ ಗೋಲಿನಿಂದ. ಹೆಚ್ಚುವರಿ ಅವಧಿಯಲ್ಲಿ 1-2ರ ಸೋಲು. ಅಂದಿನ ಅಂಕಿಪಟ್ಟಿಯಲ್ಲಿ ಬೆಂಗಳೂರಿನ ಗೋಲಿನ ಎದುರು ಬರೆದಿರುವ ಹೆಸರು ಎದುರಾಳಿ ಡಿಫೆಂಡರ್‌ನದು.