ಉಯ್ಯಾಲೆ ತೂಗೋರು ಯಾರು?

ಕಳೆದ ಮಳೆಗಾಲದಲ್ಲಿ ನಾನೊಂದು ಎಕ್ಸೆಲ್ ಶೀಟ್ ಮಾಡಿದ್ದೆ. ಹೆಸರು 'ಪ್ಲೇಹೌಸ್ ಫೈನಲ್ 3'. ಮೂಡಿಗೆರೆ ಹತ್ತಿರದ ನಮ್ಮ ಮನೆಯ ಹಿತ್ತಲಲ್ಲಿ ಐದು ವರ್ಷದ ಮಗಳಿಗೆ ಉಯ್ಯಾಲೆ ಇರೋ ಒಂದು ಆಟದ ಮನೆ ಹಾಕಿಸಬೇಕು ಅಂತ ಆಸೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಸರದಿ ಕಾಯ್ದು ಐದು ನಿಮಿಷ ತೂಗಾಡೋ ಮಗು, ಊರಿಗೆ ಬಂದಾಗಲಾದರೂ ಮನಸಾರೆ ಆಡಲಿ ಅಂತ. ಶೀಟಿನಲ್ಲಿ ಹನ್ನೆರಡು ಕಾಲಂ: ಮರವೋ ಪ್ಲಾಸ್ಟಿಕ್ಕೋ ಕಬ್ಬಿಣವೋ, ಎತ್ತರ ಎಷ್ಟು, ಉಯ್ಯಾಲೆ ಎಷ್ಟು, ಜಾರುಬಂಡೆ ಇದೆಯೋ, ಬೆಲೆ ಎಷ್ಟು, ನಮ್ಮ ಮಳೆ ತಡೆಯುತ್ತೋ ಇಲ್ಲವೋ.

ಅಮ್ಮ ಕಾಫಿ ಲೋಟ ಇಟ್ಟು ಲ್ಯಾಪ್‌ಟಾಪಿಗೆ ಬಗ್ಗಿ ನೋಡಿದಳು. "ಎಂತದಾ ಇದು, ಗದ್ದೆ ಕಾಯೋ ಅಟ್ಟಣೆ ಇದ್ದ ಹಾಗಿದೆ?" ಅಂದಳು. ಬೆಲೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಉಯ್ಯಾಲೆ ಸರಿ. ತೂಗೋರು ಯಾರು?" ಅಂತ ಕೇಳಿದಳು.

ಅದಕ್ಕೆ ನನ್ನ ಶೀಟಿನಲ್ಲಿ ಕಾಲಂ ಇರಲಿಲ್ಲ.

ನಮ್ಮ ಕಸುಬಿನವರಿಗೆ ಒಂದು ಚಟ. ಏನಾದರೂ ಕೆಟ್ಟರೆ ಅದರ ಮೂಲ ಎಲ್ಲಿದೆ ಅಂತ ಹಿಂದಕ್ಕೆ ಹೋಗ್ತಾ ಇರ್ತೀವಿ. ಅಮ್ಮನ ಪ್ರಶ್ನೆ ಹಿಡಿದು ನಾನೂ ಹಿಂದಕ್ಕೆ ಹೋದೆ. ಹೋದಷ್ಟೂ ಗೊತ್ತಾಗಿದ್ದು ಒಂದೇ: ಉಯ್ಯಾಲೆ ಮಕ್ಕಳ ಆಟದ ಸಾಮಾನು ಆಗಿದ್ದು ತೀರಾ ಇತ್ತೀಚೆಗೆ.

ನಮ್ಮ ನಾಡಿನಲ್ಲಿ ಅದು ಮೊದಲು ದೊಡ್ಡವರದ್ದು. ಇವತ್ತು ಬೀದರ್ ಜಿಲ್ಲೆಯಲ್ಲಿರುವ ಬಸವಕಲ್ಯಾಣದಿಂದ ಆಳುತ್ತಿದ್ದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1130ರ ಆಸುಪಾಸಿನಲ್ಲಿ 'ಮಾನಸೋಲ್ಲಾಸ' ಅಂತ ಸಂಸ್ಕೃತದಲ್ಲಿ ಒಂದು ದೊಡ್ಡ ಗ್ರಂಥ ಮಾಡಿಸಿದ. ನಮ್ಮ ಮೂಡಿಗೆರೆ ತಾಲ್ಲೂಕಿನ ಅಂಗಡಿಯಿಂದ ಬೆಳೆದು ಬಂದ ಹೊಯ್ಸಳರು ಆಗಿನ್ನೂ ಹೆಸರಿಗಾದರೂ ಆ ಚಾಲುಕ್ಯರ ಸಾಮಂತರು. ಅಡುಗೆಯಿಂದ ಆನೆವರೆಗೆ ಎಲ್ಲವೂ ಇರುವ ಆ ಗ್ರಂಥದ ಕೊನೆಯ ಭಾಗ ಪೂರ್ತಿ ಆಟಗಳಿಗೇ ಮೀಸಲು. ಅದರಲ್ಲೊಂದು ಆಂದೋಲನ ಕ್ರೀಡೆ, ಅಂದರೆ ಉಯ್ಯಾಲೆ ಆಟ. ಆಡುವವನು ರಾಜ, ಜೊತೆಗೆ ಅವನ ಪರಿವಾರ.

ರಾಜರಾದ ಮೇಲೆ ದೇವರು. ದೇವಸ್ಥಾನಗಳಲ್ಲಿ ಉತ್ಸವಮೂರ್ತಿಯನ್ನು ಕೂರಿಸಿ ತೂಗುವ ಡೋಲೋತ್ಸವ ಈಗಲೂ ಇದೆ. ದೇವರ ನಂತರ ಮನೆ ಯಜಮಾನ. ಮಲೆನಾಡಿನ ದೊಡ್ಡ ಮನೆಗಳಲ್ಲಿ ಸರಪಳಿ ಕಟ್ಟಿ ಇಳಿಬಿಟ್ಟ ತೂಗುಯ್ಯಾಲೆ ನೋಡಿರ್ತೀರಿ. ಮಧ್ಯಾಹ್ನದ ಊಟ ಮುಗಿಸಿ, ಎಲೆಅಡಿಕೆ ಹಾಕಿಕೊಂಡು ಹಿರಿಯರು ಕೂರುವ ಜಾಗ ಅದು. ಮಕ್ಕಳು ಹತ್ತಿದರೆ ಬೈಗುಳ. ಇನ್ನು ಉತ್ತರ ಕರ್ನಾಟಕದ ಕಡೆ ನಾಗರ ಪಂಚಮಿ ಬಂತೆಂದರೆ ಮರಮರಕ್ಕೂ ಜೋಕಾಲಿ. ಅಣ್ಣನೋ ತಮ್ಮನೋ ಹೋಗಿ ತವರಿಗೆ ಕರೆತಂದ ಹೆಣ್ಣುಮಕ್ಕಳು ಜೀಕುತ್ತಾರೆ. ಧಾರವಾಡ ಕಡೆಯ ನನ್ನ ಸಹೋದ್ಯೋಗಿಯೊಬ್ಬಳು ಹೇಳ್ತಿದ್ದಳು, ವರ್ಷಪೂರ್ತಿ ದುಡಿಯೋ ಹೆಂಗಸರಿಗೆ ಅದೇ ರಜೆ ಅಂತ.

ರಾಜ, ದೇವರು, ಯಜಮಾನ, ತವರಿಗೆ ಬಂದ ಮಗಳು. ಇಷ್ಟರಲ್ಲಿ ಮಗು ಎಲ್ಲಿ? ಮಗುವಿಗೆ ಇದ್ದದ್ದು ತೊಟ್ಟಿಲು. ತೊಟ್ಟಿಲೂ ಇಲ್ಲದವರಿಗೆ ಸೀರೆಯ ಜೋಲಿ.

ಜೋಲಿಯ ಇತಿಹಾಸ ಯಾವ ಗ್ರಂಥದಲ್ಲೂ ಹುಡುಕಬೇಕಾಗಿಲ್ಲ. ನಾನೇ ಅದರಲ್ಲಿ ಮಲಗಿದವನು. ನಮಗಿದ್ದದ್ದು ಎರಡೂವರೆ ಎಕರೆ ತೋಟ. ಅದರಿಂದ ಸಂಸಾರ ಸಾಗ್ತಿರಲಿಲ್ಲ. ಹಾಗಾಗಿ ಕೊಯ್ಲಿನ ಕಾಲದಲ್ಲಿ ಅಮ್ಮ ಪಕ್ಕದ ದೊಡ್ಡ ಎಸ್ಟೇಟಿಗೆ ಹಣ್ಣು ಕುಯ್ಯೋಕೆ ಹೋಗ್ತಿದ್ದಳು. ಹಳೇ ಸೀರೆಯನ್ನು ಮರದ ಕೊಂಬೆಗೆ ಕಟ್ಟಿ ನನ್ನನ್ನು ಮಲಗಿಸೋದು, ಸಾಲು ಮುಂದಕ್ಕೆ ಹೋದ ಹಾಗೆ ಜೋಲಿಯನ್ನೂ ಮುಂದಿನ ಮರಕ್ಕೆ ಕಟ್ಟೋದು. ಎಷ್ಟು ಕೆಜಿ ಕುಯ್ದರೆ ಅಷ್ಟು ಕೂಲಿ, ಹಾಗಾಗಿ ತೂಗುತ್ತಾ ನಿಲ್ಲೋಕೆ ಅವಳಿಗೆ ಆಗ್ತಿರಲಿಲ್ಲ. ಇರುವೆ ಹತ್ತದ ಹಾಗೆ ನೋಡಿಕೊಂಡು, ಅತ್ತಾಗ ತೂಗುತ್ತಿದ್ದವಳು ಅಕ್ಕ. ಅವಳಿಗಾಗ ಏಳು ವರ್ಷ. ಆ ವರ್ಷ ಅವಳು ಶಾಲೆಗೆ ಹೋಗಿದ್ದು ಕಡಿಮೆ. ಮಾರನೇ ವರ್ಷವೂ ಅಷ್ಟೇ. ಕಲಿತದ್ದು ಹಿಂದೆ ಬಿತ್ತು, ಏಳನೇ ಕ್ಲಾಸಿಗೆ ನಿಂತೇ ಹೋಯ್ತು. ನಾನು ಬಿಇ ಮಾಡಿದೆ.

ಇದನ್ನು ನಮ್ಮ ಮನೆಯಲ್ಲಿ ಯಾರೂ ದುಃಖದ ಕಥೆ ಅಂತ ಹೇಳೋದಿಲ್ಲ. ಮಳೆ ಜಾಸ್ತಿ ಬಿದ್ದ ವರ್ಷದ ಸುದ್ದಿ ಹೇಳಿದ ಹಾಗೆ ಹೇಳ್ತಾರೆ.

ಹಾಗಾದರೆ ನನ್ನ ಶೀಟಿನಲ್ಲಿದ್ದ ಆಟದ ಮನೆ ಎಲ್ಲಿಂದ ಬಂತು? ಅದಕ್ಕೆ ಎರಡು ವಂಶ. ಒಂದು ಅರಮನೆಯದ್ದು. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ ಮತ್ತು ಅವಳ ಗಂಡ ಆಲ್ಬರ್ಟ್, ವೈಟ್ ದ್ವೀಪದ ತಮ್ಮ ಆಸ್ಬೋರ್ನ್ ಅರಮನೆಯ ತೋಟದಲ್ಲಿ ಮಕ್ಕಳಿಗೆಂದೇ 'ಸ್ವಿಸ್ ಕಾಟೇಜ್' ಅನ್ನೋ ಮರದ ಮನೆ ಕಟ್ಟಿಸಿದರು. 1854ರಲ್ಲಿ ಅದು ಮಕ್ಕಳ ಕೈಗೆ ಬಂತು. ಅಲ್ಲಿ ಅವರು ಅಡುಗೆ ಕಲಿತರು, ತರಕಾರಿ ಬೆಳೆದರು, ಬೆಳೆದದ್ದನ್ನು ಅಪ್ಪನೇ ಪೇಟೆ ಬೆಲೆ ಕೊಟ್ಟು ಕೊಳ್ಳುತ್ತಿದ್ದ. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1850ರ ದಶಕದ ನಡುವಿನಲ್ಲಿ, ರಾಬರ್ಟ್ ಎಲಿಯಟ್‌ನಂಥ ಯುರೋಪಿಯನ್ನರು ನಮ್ಮ ಸೀಮೆಯ ಕಾಡಿಗೆ ಬಂದು ಕಾಫಿ ಹಾಕುತ್ತಿದ್ದರು. ಮುಂದೆ 1932ರಲ್ಲಿ ವೇಲ್ಸ್ ಪ್ರಾಂತ್ಯದ ಜನ, ಆರು ವರ್ಷದ ರಾಜಕುಮಾರಿ ಎಲಿಜಬೆತ್‌ಗೆ ಹುಲ್ಲಿನ ಸೂರಿನ ಪುಟ್ಟ ಮನೆಯೊಂದನ್ನು ಕಾಣಿಕೆ ಕೊಟ್ಟರು. ಅದಕ್ಕೆ ಕರೆಂಟು, ನಲ್ಲಿ ನೀರು ಎಲ್ಲಾ ಇತ್ತು. ಕಲ್ಲಿದ್ದಲು ಗಣಿಗಳಲ್ಲಿ ಕೆಲಸವಿಲ್ಲದೆ ವೇಲ್ಸ್ ನರಳುತ್ತಿದ್ದ ಕಾಲ ಅದು.

ಇನ್ನೊಂದು ವಂಶ ಬೀದಿಯದ್ದು. 1885ರಲ್ಲಿ ಅಮೆರಿಕದ ಬೋಸ್ಟನ್ ನಗರದಲ್ಲಿ, ವಲಸೆ ಬಂದ ಕೂಲಿಕಾರರು ಕಿಕ್ಕಿರಿದಿದ್ದ ನಾರ್ತ್ ಎಂಡ್ ಕೇರಿಯಲ್ಲಿ, ಮಕ್ಕಳು ಆಡಲಿ ಅಂತ ಒಂದು ರಾಶಿ ಮರಳು ಸುರಿಸಿದರು. ಬರ್ಲಿನ್ನಿನಲ್ಲಿ ಅಂಥದ್ದನ್ನು ನೋಡಿ ಬಂದಿದ್ದ ವೈದ್ಯೆಯೊಬ್ಬಳ ಸಲಹೆ ಅದು. ಅಮೆರಿಕದ ಆಟದ ಮೈದಾನಗಳ ಕಥೆ ಆ ಮರಳಿನಿಂದ ಶುರುವಾಗುತ್ತೆ. ಇಂಗ್ಲೆಂಡಿನ ಕೆಟರಿಂಗ್ ಪಟ್ಟಣದಲ್ಲಿ ಚಾರ್ಲ್ಸ್ ವಿಕ್‌ಸ್ಟೀಡ್ ಅಂತ ಒಬ್ಬ ಎಂಜಿನಿಯರ್ ಇದ್ದ. ಯಂತ್ರ ತಯಾರಿಸುವ ಕಾರ್ಖಾನೆ ಅವನದ್ದು. ತಾನು ಕೊಂಡ ಜಾಗಕ್ಕೆ ಪ್ರವಾಸ ಬರುವ ಮಕ್ಕಳಿಗೆ ಅಂತ ತಾತ್ಕಾಲಿಕವಾಗಿ ಉಯ್ಯಾಲೆ ಕಟ್ಟಿಸಿದ. ಮಕ್ಕಳು ಅದನ್ನು ಬಿಡಲೇ ಇಲ್ಲ, ಅವನೂ ಬಿಚ್ಚಿಸಲಿಲ್ಲ. 1921ರಲ್ಲಿ ಅವನ ಪಾರ್ಕು ಎಲ್ಲರಿಗೂ ತೆರೆಯಿತು. ಆಮೇಲೆ ಅವನ ಕಂಪನಿ ಉಯ್ಯಾಲೆ, ಜಾರುಬಂಡೆ ಮಾಡಿ ಮಾರುವುದನ್ನೇ ಕಸುಬು ಮಾಡಿಕೊಂಡಿತು.

ನೋಡಿ, ಮನೆ ಬಂದದ್ದು ಅರಮನೆಯ ಬೇಲಿಯೊಳಗಿಂದ. ಉಯ್ಯಾಲೆಯ ಕಂಬ ಬಂದದ್ದು ಬೇಲಿ ಇಲ್ಲದ ಜಾಗದಿಂದ, ಅಂಗಳವೇ ಇಲ್ಲದ ಮಕ್ಕಳಿಗಾಗಿ. ಇವತ್ತು ನಾವು ಕೊಳ್ಳುವ ಡಬ್ಬಿಯಲ್ಲಿ ಎರಡನ್ನೂ ಒಂದೇ ಬೋಲ್ಟಿನಲ್ಲಿ ಬಿಗಿದು ಕೊಡ್ತಾರೆ. ಹಿತ್ತಲಿಗೆ ತಂದು ನಿಲ್ಲಿಸಿದ ಮೇಲೆ ಬೀದಿಯ ವಂಶವೂ ಬೇಲಿಯೊಳಗೆ.

ಹೀಗೆಲ್ಲಾ ಓದಿ ಮತ್ತೆ ಶೀಟಿಗೆ ಬಂದೆ. ಮೊದಲು ಮರದ ಪ್ರಶ್ನೆ. ಪೈನ್ ಮರ ನಮ್ಮ ಗೆದ್ದಲಿಗೆ ಹಪ್ಪಳ. ಔಷಧಿ ಹೊಡೆದ ಮರ ಅಂದರೆ ಅದಕ್ಕೂ ಒಂದು ಚರಿತ್ರೆ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿಸಿ ಮರಕ್ಕೆ ಕುಡಿಸುವ ವಿಧಾನವನ್ನು 1933ರಲ್ಲಿ ಕಂಡುಹಿಡಿದದ್ದು ನಮ್ಮವರೇ, ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯ ಸೋಂಟಿ ಕಾಮೇಶನ್. ಗೆದ್ದಲಿಗೂ ಬೂಷ್ಟಿಗೂ ಅದು ರಾಮಬಾಣ. ಲೋಕವೆಲ್ಲಾ ಬಳಸಿತು, ಮಕ್ಕಳ ಆಟದ ಮನೆಗಳಿಗೂ ಬಳಸಿತು. ಮರದಿಂದ ಆರ್ಸೆನಿಕ್ ಮಕ್ಕಳ ಕೈಗೆ ಹತ್ತುತ್ತೆ ಅನ್ನೋ ಕಳವಳ ಎದ್ದು, 2003ರ ಕೊನೆಗೆ ಅಮೆರಿಕದಲ್ಲಿ ಮನೆಬಳಕೆಯ ಮರಕ್ಕೆ ಅದನ್ನು ಕುಡಿಸುವುದು ನಿಂತಿತು. ಆದ್ದರಿಂದ ನೀವು ಕೊಳ್ಳುವುದಾದರೆ, ಯಾವ ಔಷಧಿ ಅಂತ ಕೇಳಿಯೇ ಕೊಳ್ಳಿ. ಹಳೇ ಮರ ಅಗ್ಗಕ್ಕೆ ಸಿಕ್ಕರಂತೂ ಇನ್ನೂ ಹುಷಾರು.

ಎರಡನೆಯದು ಜಾಗ. ಉಯ್ಯಾಲೆ ನೇತುಹಾಕುವ ತೊಲೆ ನೆಲದಿಂದ ಎಷ್ಟು ಎತ್ತರವೋ, ಅದರ ಎರಡರಷ್ಟು ಜಾಗ ಮುಂದೆಯೂ ಹಿಂದೆಯೂ ಖಾಲಿ ಇರಬೇಕು. ಎಂಟು ಅಡಿಗೆ ಹದಿನಾರು, ಹದಿನಾರು. ಒಂದು ಚೌಕಟ್ಟಿಗೆ ಎರಡಕ್ಕಿಂತ ಹೆಚ್ಚು ಉಯ್ಯಾಲೆ ಬೇಡ. ಕೆಳಗೆ ಸಿಮೆಂಟು ಬೇಡ, ಮರಳು ಇರಲಿ. ನಮ್ಮ ಹಿತ್ತಲಿನಲ್ಲಿ ಕಾಫಿ ಒಣಗಿಸುವ ಕಣ, ಕೊಟ್ಟಿಗೆ ಬಿಟ್ಟರೆ ಅಷ್ಟು ಜಾಗವೇ ಇರಲಿಲ್ಲ. ಜಾಗ ಇದ್ದದ್ದು ಮುಂದೆ, ರಸ್ತೆ ಕಡೆ, ಉಣುಗೋಲಿನ ಪಕ್ಕ.

ಡಬ್ಬಿಯ ಆಸೆ ಬಿಟ್ಟೆ. ಊರಿನ ಆಚಾರಿಯನ್ನು ಕರೆಸಿ, ಬಿಚ್ಚಿಟ್ಟಿದ್ದ ಹಳೇ ಮನೆಯ ಹೊನ್ನೆ ತೊಲೆಯಿಂದ ಒಂದು ಅಟ್ಟಣೆ, ಎರಡು ಉಯ್ಯಾಲೆ ಮಾಡಿಸಿದೆ. ದೀಪಾವಳಿಗೆ ಮುಗಿಯಿತು. ಮಗಳು ಮೊದಲ ದಿನ ಜೀಕಿದಳು, ಎರಡನೇ ದಿನ ಜೀಕಿದಳು, ಮೂರನೇ ದಿನ "ಅಪ್ಪಾ, ಯಾರೂ ಇಲ್ಲ" ಅಂತ ಒಳಗೆ ಬಂದಳು.

ಡಿಸೆಂಬರಿನಲ್ಲಿ ಕೊಯ್ಲಿಗೆ ಅಸ್ಸಾಂ ಕಡೆಯ ಗಂಡ ಹೆಂಡತಿ ಬಂದರು. ಜೊತೆಗೆ ಒಂದು ಹೆಣ್ಣುಮಗು, ಸೊಂಟದ ಮೇಲೊಂದು ಕೂಸು. ಮೊದಲ ದಿನವೇ ಆ ತಾಯಿ ಸೀರೆ ತಂದು ನಮ್ಮ ಹೊನ್ನೆ ತೊಲೆಗೇ ಜೋಲಿ ಕಟ್ಟಿದಳು. ನಾನು ಜಗಲಿಯಲ್ಲಿ ಮೀಟಿಂಗಿನಲ್ಲಿದ್ದೆ. ನೋಡ್ತೇನೆ, ಆ ಹುಡುಗಿ ತೂಗುತ್ತಿದ್ದಾಳೆ. ವಯಸ್ಸು ಕೇಳಿದೆ. ಏಳು.

1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ, ಐವತ್ತು ಹೆಂಗಸರು ದುಡಿಯುವ ಎಸ್ಟೇಟಿನಲ್ಲಿ ಶಿಶುಪಾಲನಾ ಮನೆ ಇರಲೇಬೇಕು ಅಂದಿತ್ತು. ಮುಂದೆ ಆ ಹೆಂಗಸರಿಗೆ ಇಪ್ಪತ್ತು ಮಕ್ಕಳಿದ್ದರೂ ಸಾಕು ಅಂತ ತಿದ್ದಿದರು. 2023ರಲ್ಲಿ ನಮ್ಮ ಸರ್ಕಾರ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ 4,000 ಗ್ರಾಮ ಪಂಚಾಯ್ತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ ಹೇಳಿತು. ಎಷ್ಟು ಒಳ್ಳೇ ಹೆಸರು! ಆದರೆ ಎರಡೂವರೆ ಎಕರೆ, ಒಂದು ಸಂಸಾರ, ಒಂದು ಕೂಸು. ಯಾವ ಲೆಕ್ಕಕ್ಕೂ ನಾವು ಬರೋದಿಲ್ಲ. ಇಲ್ಲಿ ಎಸ್ಟೇಟೂ ನಾನೇ, ಸಾಹುಕಾರನೂ ನಾನೇ.

ಹತ್ತಿರದ ಶಾಲೆಯಲ್ಲಿ ಕೇಳಿದೆ. ಬರಲಿ, ಕೂರಲಿ ಅಂದರು. ಆ ತಾಯಿಗೆ ಹೇಳಿದಾಗ ಅವಳು ಜೋಲಿ ಕಡೆ ಕೈ ತೋರಿಸಿದಳು. ಇದನ್ನು ತೂಗೋರು ಯಾರು? ಅವಳ ಮಾತು ಅಮ್ಮನಿಗೆ ಅರ್ಥವಾಗೋದಿಲ್ಲ, ಆದರೆ ಪ್ರಶ್ನೆ ಅರ್ಥವಾಯ್ತು. "ಹಗಲು ನನ್ನ ಹತ್ರ ಇರಲಿ ಬಿಡು. ನನಗೇನು, ಈಗ ಹಣ್ಣು ಕುಯ್ಯೋದಿದೆಯಾ?" ಅಂದಳು.

ಹುಡುಗಿ ಆರು ವಾರ ಶಾಲೆಗೆ ಹೋದಳು. ಕೊಯ್ಲು ಮುಗಿದ ಮೇಲೆ ಅವರು ಬೇರೆ ಕಡೆ ಹೊರಟುಹೋದರು. ಅಲ್ಲಿ ಏನಾಯ್ತೋ, ಕೇಳೋಕೆ ನನ್ನ ಹತ್ರ ಫೋನ್ ನಂಬರೂ ಇಲ್ಲ. ದೊಡ್ಡದೇನೋ ಮಾಡಿದೆ ಅಂತ ಇದನ್ನು ಬರೆಯುತ್ತಿಲ್ಲ. ಆರು ವಾರ, ಅಷ್ಟೇ.

ಅವರು ಹೊರಡುವ ಮೊದಲ ಭಾನುವಾರ ಅಕ್ಕ ಬಂದಿದ್ದಳು. ನನ್ನ ಮಗಳೂ ಆ ಹುಡುಗಿಯೂ ಪಕ್ಕಪಕ್ಕದ ಉಯ್ಯಾಲೆಯಲ್ಲಿ ಕೂತಿದ್ದರು. ಮಗಳು ಕಾಲು ಚಾಚಿ ಮಡಚಿ ಮೇಲೆ ಹೋಗ್ತಿದ್ದಳು. ಆ ಹುಡುಗಿಗೆ ತಾನೇ ಜೀಕಿಕೊಳ್ಳೋದು ಇನ್ನೂ ಬಂದಿರಲಿಲ್ಲ. ಅಕ್ಕ ಚೀಲವನ್ನು ಜಗಲಿ ಮೇಲಿಟ್ಟು, ಸೆರಗು ಸಿಕ್ಕಿಸಿಕೊಂಡು ಹೋಗಿ ಅವಳ ಹಿಂದೆ ನಿಂತಳು.