ಗೀಸರ್ ವಾಲ್ವ್‌ನಿಂದ ನೀರು ತೊಟ್ಟಿಕ್ಕಿದರೆ ಮುಚ್ಚಬೇಕೇ?

ಬೇಡ. ನೀರು ಪೋಲಾಗುತ್ತದೆಂದು ಕೆಲವರು ಸೇಫ್ಟಿ ವಾಲ್ವ್‌ನ ಬಾಯಿಗೆ ಟೇಪ್ ಸುತ್ತುತ್ತಾರೆ, ಅಂಟು ಹಚ್ಚುತ್ತಾರೆ. ಇದು ಅಪಾಯಕಾರಿ.

ನೀರು ಕಾದಾಗ ಹಿಗ್ಗುತ್ತದೆ. 15 ಲೀಟರ್ ನೀರು 25ರಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ಸುಮಾರು 200 ಮಿಲಿಲೀಟರ್, ಅಂದರೆ ಒಂದು ಲೋಟದಷ್ಟು ಹೆಚ್ಚುತ್ತದೆ. ಟ್ಯಾಂಕಿನ ಒತ್ತಡ ಮಿತಿ ಮೀರಿದಾಗ ನೀರನ್ನು ಹೊರಬಿಡುವುದೇ ಈ ವಾಲ್ವ್‌ನ ಕೆಲಸ. ಅದನ್ನು ಮುಚ್ಚಿದ್ದು, ಥರ್ಮೋಸ್ಟಾಟ್ ಕೂಡ ಕೆಟ್ಟರೆ ಟ್ಯಾಂಕ್ ಸಿಡಿಯಬಹುದು. ಕಾಯುವಾಗ ಮಾತ್ರ ತೊಟ್ಟಿಕ್ಕಿದರೆ ಸಹಜ. ಸ್ವಿಚ್ ಆಫ್ ಇದ್ದಾಗಲೂ ಸುರಿಯುತ್ತಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ.

ಇತರ ತೊಂದರೆಗಳು:

• ನೀರು ಬಿಸಿಯಾಗುತ್ತಿಲ್ಲವೇ? 2,000 ವ್ಯಾಟ್ ಗೀಸರ್‌ಗೆ 15 ಲೀಟರ್ ಕಾಯಿಸಲು ಸುಮಾರು 20 ನಿಮಿಷ ಬೇಕು. ಆಮೇಲೂ ತಣ್ಣಗಿದ್ದರೆ ಎಂಸಿಬಿ ಬಿದ್ದಿದೆಯೇ ನೋಡಿ.

• ಗುಡುಗುಡು ಸದ್ದೇ? ಬೋರ್‌ವೆಲ್‌ನ ಗಡಸು ನೀರಿನಿಂದ ಕಾಯಿಲ್ ಮೇಲೆ ಸುಣ್ಣ ಕಟ್ಟಿರಬಹುದು. ಸರ್ವಿಸ್ ಮಾಡಿಸಿ.

• ಎಂಸಿಬಿ ಪದೇ ಪದೇ ಬೀಳುತ್ತಿದೆಯೇ? ಕಾಯಿಲ್ ಅಥವಾ ವೈರಿಂಗ್ ಕೆಟ್ಟಿರಬಹುದು. ಮತ್ತೆ ಮತ್ತೆ ಆನ್ ಮಾಡಬೇಡಿ.

• ನಲ್ಲಿ ಮುಟ್ಟಿದರೆ ಜುಮ್ ಎನ್ನುತ್ತದೆಯೇ? ಚಪ್ಪಲಿ ಹಾಕಿಕೊಂಡು ಸ್ನಾನ ಮಾಡುವುದು ಪರಿಹಾರವಲ್ಲ. ಮೇನ್ ಸ್ವಿಚ್ ಆಫ್ ಮಾಡಿ, ಎಲೆಕ್ಟ್ರಿಷಿಯನ್‌ನಿಂದ ಅರ್ಥಿಂಗ್ ಪರೀಕ್ಷಿಸಿ. ಸರಿಯಾಗುವವರೆಗೆ ಗೀಸರ್ ಬಳಸಬೇಡಿ.

ಇದನ್ನು ಫಾರ್ವರ್ಡ್ ಮಾಡುವ ಮೊದಲು ನಿಮ್ಮ ಮನೆಯ ವಾಲ್ವ್ ಒಮ್ಮೆ ನೋಡಿ ಬನ್ನಿ.